ಟೇಲರಮ್ಮನಿಗೆ ಮಾಡಿದ ಸುರಕ್ಷತೆ

ಆ ಆಸ್ಪತ್ರೆಯಲ್ಲಿ ಒಂದು ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಹುಚ್ಚರೆಲ್ಲ ಒಟ್ಟಿಗೇ ವಾಸಿಯಾದರು. ಔಷಧಿಯಿಂದಲ್ಲ, ಸುತ್ತೋಲೆಯಿಂದ. ಇನ್ನು ಮುಂದೆ ಯಾರೂ ಯಾರನ್ನೂ ಹುಚ್ಚ ಎನ್ನಬಾರದು, ಹುಚ್ಚಿ ಎನ್ನಬಾರದು, ರೋಗಿ ಎಂದೂ ಎನ್ನಬಾರದು, ಎಲ್ಲರನ್ನೂ ಕ್ಲೈಂಟ್ ಎಂದೇ ಕರೆಯತಕ್ಕದ್ದು ಎಂದು ಮೇಲಿನಿಂದ ಕಾಗದ ಬಂತು. ಕಾಗದವನ್ನು ಗೋಡೆಗೆ ಅಂಟಿಸಿದರು. ಹೆಂಗಸರ ವಾರ್ಡಿನ ಆಯಾ ಆ ಹೊತ್ತಿಗೆ ಮೂರನೇ ಮಂಚದ ಕೆಳಗೆ ಮೊಣಕಾಲೂರಿ ಹೇಲು ಬಳಿಯುತ್ತಿದ್ದಳು. ಈಗ ಅದು ಕ್ಲೈಂಟಿನದು. ವಾಸನೆಗೆ ಸುತ್ತೋಲೆ ಇನ್ನೂ ತಲುಪಿರಲಿಲ್ಲ.

ಆಯಾಗೆ ಹದಿನಾರು ವರ್ಷದ ಸರ್ವಿಸು. ಸರ್ವಿಸು ಅಂದರೆ ಎತ್ತುವುದು, ಇಳಿಸುವುದು, ತೊಳೆಯುವುದು, ಒರೆಸುವುದು, ಹಿಡಿಯುವುದು, ಕಟ್ಟುವುದು. ವಾರ್ಡಿನಲ್ಲಿ ಮೂವತ್ತೆರಡು ಮಂಚ, ಮೂರು ಕುರ್ಚಿ. ಕುರ್ಚಿ ಸಿಸ್ಟರುಗಳಿಗೆ. ಆಯಾ ಕೂರಬೇಕಿದ್ದರೆ ಬಕೆಟ್ ಬೋರಲು ಹಾಕಿಕೊಂಡು ಕೂರಬೇಕು. ಫೈಲು ಮುಟ್ಟುವ ಹಾಗಿಲ್ಲ. ಆದರೆ ಫೈಲಿನಲ್ಲಿ ಬರೆಯುವಂಥದ್ದನ್ನೆಲ್ಲ ಮಾಡುವವಳು ಅವಳೇ. 'ಕ್ಲೈಂಟಿಗೆ ಸ್ನಾನ ಮಾಡಿಸಲಾಯಿತು.' 'ಕ್ಲೈಂಟನ್ನು ಸಮಾಧಾನಪಡಿಸಲಾಯಿತು.' ಮಾಡಿಸಿದವರು ಯಾರು ಎಂದು ಆ ವಾಕ್ಯಗಳನ್ನು ಕೇಳಿದರೆ ಅವು ಬಾಯಿ ಬಿಡುವುದಿಲ್ಲ.

ಇಷ್ಟೆಲ್ಲ ಸಂಭ್ರಮಕ್ಕೆ ಕಾರಣ ಸಮಿತಿ. ಆಸ್ಪತ್ರೆಗೆ ದರ್ಜೆ ಕೊಡಲು ಒಂದು ಸಮಿತಿ ಬರುವುದಿತ್ತು. ಅದಕ್ಕಾಗಿ ಅರ್ಧ ದಿನದ ತರಬೇತಿ ಇಟ್ಟರು. ಹಿಂದೆ ಬಟ್ಟೆಯ ಬ್ಯಾನರು, 'ಸುರಕ್ಷಿತ ಮತ್ತು ನೈತಿಕ ಶುಶ್ರೂಷೆ' ಎಂದು. ಸಿಸ್ಟರುಗಳು ಕುರ್ಚಿಯಲ್ಲಿ, ಆಯಾಗಳು ಹಿಂದೆ ನೆಲದ ಮೇಲೆ. ಆಯಾ ಮುಂದಿನ ಕುರ್ಚಿಯಲ್ಲಿದ್ದ ಹೊಸ ಸಿಸ್ಟರನ್ನು ಮೆಲ್ಲಗೆ ಕೇಳಿದಳು.

"ನೈತಿಕ ಅಂದ್ರೆ ಏನ್ ಸಿಸ್ಟರ್?"

ಹೊಸ ಸಿಸ್ಟರ್ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಓದಿದ್ದು ಇನ್ನೂ ಮರೆತಿರಲಿಲ್ಲ. "ಯಾರೂ ನೋಡದೆ ಇದ್ದಾಗ್ಲೂ ಸರಿಯಾಗಿ ಮಾಡೋದು."

"ಯಾರಾದ್ರೂ ನೋಡ್ತಿದ್ರೆ?"

"ಆಗ ಎಲ್ಲರೂ ಸರಿಯಾಗೇ ಮಾಡ್ತಾರೆ."

ತರಬೇತಿ ಕೊಡಲು ಬಂದವರು ಇನ್ನೊಂದು ಮಾತು ಹೇಳಿದರು. 'ಕಟ್ಟಿಹಾಕುವುದು' ಎಂಬುದು ಅಸಭ್ಯ ಪದ, ದಾಖಲೆಯಲ್ಲಿ ಬರಕೂಡದು. ಅದಕ್ಕೆ 'ಸುರಕ್ಷತೆ' ಎನ್ನಬೇಕು. ಆಮೇಲೆ ನಿಯಮಗಳನ್ನೂ ಓದಿದರು. ಬೇರೆ ದಾರಿ ಎಲ್ಲ ಮುಚ್ಚಿದಾಗ ಮಾತ್ರ. ಡಾಕ್ಟರರ ಬರಹ ಇದ್ದರೆ ಮಾತ್ರ. ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು. ಹದಿನೈದು ನಿಮಿಷಕ್ಕೊಮ್ಮೆ ನೋಡಬೇಕು, ಎರಡು ಗಂಟೆಗೊಮ್ಮೆ ಸಡಿಲಿಸಬೇಕು. ನಿಯಮಗಳು ಟೀ ಬರುವ ಹೊತ್ತಿಗೆ ಎಲ್ಲರ ತಲೆಯಿಂದ ಇಳಿದುಹೋದವು. ಪದ ಮಾತ್ರ ಗಟ್ಟಿಯಾಗಿ ಕೂತುಬಿಟ್ಟಿತು.

ಅದೇ ಸಂಜೆ ದೊಡ್ಡ ಸಿಸ್ಟರ್ ಕುರ್ಚಿಯಿಂದಲೇ ಕೂಗಿದರು. "ಆಯಾ, ಐದನೇ ಮಂಚಕ್ಕೆ ಸುರಕ್ಷತೆ ಮಾಡು." ವಾರದೊಳಗೆ ಕ್ಲೈಂಟುಗಳೂ ಕಲಿತರು. ಮಲಗುವುದಿಲ್ಲ ಎಂದು ಹಟ ಮಾಡಿದವಳನ್ನು ಪಕ್ಕದ ಮಂಚದವಳು ಎಚ್ಚರಿಸುವಳು, "ಸುಮ್ನೆ ಮಲಕ್ಕೋ, ಸುರಕ್ಷತೆ ಮಾಡ್ತಾರೆ." ಊಟ ಚೆಲ್ಲಿದವಳು ಆಯಾಳನ್ನು ಕಂಡರೆ ಕೈ ಹಿಂದಕ್ಕೆ ಅಡಗಿಸಿಕೊಂಡು, "ಸುರಕ್ಷತೆ ಬೇಡ ಅಕ್ಕ, ತಿಂತೀನಿ" ಎನ್ನುವಳು. ಇಷ್ಟು ಬೇಗ ಇಷ್ಟು ಜನ ಒಂದು ಪಾಠ ಕಲಿತದ್ದನ್ನು ಆ ತರಬೇತಿದಾರರು ಕಂಡಿದ್ದರೆ ಸಂತೋಷಪಡುತ್ತಿದ್ದರೋ ಏನೋ.

ಹನ್ನೆರಡನೇ ಮಂಚದವಳು ಟೇಲರಮ್ಮ. ಪೇಟೆಯಲ್ಲಿ ತಮ್ಮನ ಜೊತೆ ಸೇರಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದಳು. ಅವಳು ಕತ್ತರಿಸುವಳು, ತಮ್ಮ ಹೊಲಿಯುವನು. ಒಂದು ಕಾಲದಲ್ಲಿ ಎಂಟು ದಿನ ಎಂಟು ರಾತ್ರಿ ಕಣ್ಣು ಮುಚ್ಚದೆ, ಗಿರಾಕಿಗಳ ಬಟ್ಟೆಯನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿಬಿಟ್ಟಳು. ಎಲ್ಲರೂ ಒಂದೇ ಎಂದು ಯಾರೋ ಕಿವಿಯಲ್ಲಿ ಹೇಳಿದರಂತೆ. ತಮ್ಮ ಅಳುತ್ತಲೇ ತಂದು ಸೇರಿಸಿದ. ಈಗ ನಿದ್ದೆ ಬರುತ್ತಿತ್ತು, ಕಿವಿಯಲ್ಲಿ ಯಾರೂ ಇರಲಿಲ್ಲ. ಮುಂದಿನ ತಿಂಗಳು ಮನೆಗೆ ಕಳಿಸುವುದು ಎಂದಾಗಿತ್ತು. ಆಸ್ಪತ್ರೆಯಲ್ಲೂ ಅವಳ ಕೈ ಸುಮ್ಮನಿರಲಿಲ್ಲ. ಹರಿದ ಹೊದಿಕೆಗಳನ್ನು ಉದ್ದುದ್ದ ಸೀಳಿ, ಅಂಚು ಮಡಚಿ, ಪಟ್ಟಿ ಹೊಲಿದು ಕೊಡುವಳು. ಯಾತಕ್ಕೆ ಎಂದು ಕೇಳಿದ್ದಳು. ವಾರ್ಡಿನ ಉಪಯೋಗಕ್ಕೆ ಎಂದಿದ್ದರು. ಉಪಯೋಗ ಕಂಡ ದಿನ ಹೊಲಿಯುವುದನ್ನು ಬಿಟ್ಟಳು. ಅಲ್ಲಿಂದ ದೊಡ್ಡ ಸಿಸ್ಟರಿಗೆ ಅವಳ ಮೇಲೆ ಒಂದು ಕಣ್ಣು.

ಸಮಿತಿ ಬರುವುದು ಗುರುವಾರ. ಮಂಗಳವಾರ ಬೆಳಗ್ಗೆ ದೊಡ್ಡ ಸಿಸ್ಟರ್ ಮಾತ್ರೆ ಹಂಚುವಾಗ ಟೇಲರಮ್ಮ ಅಂಗೈಯಲ್ಲಿದ್ದುದನ್ನು ನೋಡಿ ನಿಂತಳು.

"ಇದ್ಯಾವ ಮಾತ್ರೆ ಸಿಸ್ಟರ್? ನಿನ್ನೆ ತನಕ ಬಿಳೀದಿತ್ತು. ಇದು ಹಳದಿ."

"ನುಂಗು."

"ನುಂಗ್ತೀನಿ. ಯಾವುದು ಅಂತ ಹೇಳಿ."

"ಹೇಳಿದ್ರೆ ನಿಂಗೆ ಅರ್ಥ ಆಗುತ್ತಾ?"

ಟೇಲರಮ್ಮ ಗೋಡೆಯ ಕಡೆ ತಿರುಗಿದಳು. ಅಲ್ಲಿ ಹೊಸದಾಗಿ ಅಂಟಿಸಿದ ಇನ್ನೊಂದು ಕಾಗದವನ್ನು ಶಾಲೆಯ ಹುಡುಗಿಯ ಹಾಗೆ ಗಟ್ಟಿಯಾಗಿ ಓದಿದಳು. "ತನಗೆ ಕೊಡುವ ಔಷಧಿಯ ಬಗ್ಗೆ ಕೇಳಿ ತಿಳಿದುಕೊಳ್ಳುವುದು ಕ್ಲೈಂಟಿನ ಹಕ್ಕು." ಓದಿ, ಮಾತ್ರೆಯನ್ನು ತಟ್ಟೆಗೆ ವಾಪಸು ಇಟ್ಟಳು.

ನಾಲ್ಕೈದು ಮಂಚದಿಂದ ನಗು ಬಂತು. ನಗು ಬರದೆ ಹೋಗಿದ್ದರೆ ಏನಾಗುತ್ತಿತ್ತೋ. ಆ ಕಾಗದ ಇದ್ದದ್ದು ಸಮಿತಿ ಓದಲಿಕ್ಕೆ. ಅದನ್ನು ಕ್ಲೈಂಟು ಓದಿದ್ದು ದೊಡ್ಡ ಸಿಸ್ಟರಿಗೆ ಮನೆಯ ಬೆಳ್ಳಿ ತಟ್ಟೆಯಲ್ಲಿ ನಾಯಿ ಉಂಡ ಹಾಗಾಯಿತು.

"ಕ್ಲೈಂಟ್ ಸಹಕರಿಸ್ತಾ ಇಲ್ಲ" ಎಂದರು. "ಆಯಾ, ಸುರಕ್ಷತೆ."

ಆಯಾ ಕೈ ಒರೆಸಿಕೊಂಡು ಬಂದಳು. ಹದಿನಾರು ವರ್ಷ ಮಾಡಿದ ಕೆಲಸ. ಯೋಚಿಸಬೇಕಾದದ್ದೇನೂ ಇರಲಿಲ್ಲ, ಯೋಚಿಸಲೂ ಇಲ್ಲ. ಇದನ್ನು ಮುಚ್ಚಿಡುವುದು ಬೇಡ. ಟೇಲರಮ್ಮ ಒದೆಯಲಿಲ್ಲ, ಕಚ್ಚಲಿಲ್ಲ. "ಅಕ್ಕ, ನಾನೇನು ಮಾಡ್ದೆ?" ಎಂದಳು ಅಷ್ಟೆ. ಆಯಾ ಎರಡೂ ಕೈಗಳನ್ನು ಮಂಚದ ಪಕ್ಕದ ಕಬ್ಬಿಣಕ್ಕೆ ಬಿಗಿದಳು. ಎರಡು ಬೆರಳು ತೂರುತ್ತವೋ ಎಂದು ನೋಡಲಿಲ್ಲ. ಆಚೆ ಹಾಲಿನಿಂದ ಕರೆಯುತ್ತಿದ್ದರು, ನೆಲ ಉಜ್ಜಬೇಕಿತ್ತು. ಗಡಿಯಾರದಲ್ಲಿ ಹತ್ತು ಗಂಟೆ.

ಅವತ್ತು ಸಮಿತಿಯ ಸ್ವಾಗತದ ತಾಲೀಮು. ಸಿಸ್ಟರುಗಳೆಲ್ಲ ಹಾಲಿನಲ್ಲಿ. ಆಯಾ ಮೊಣಕಾಲ ಮೇಲೆ ಕೂತು ಹಾಲಿನ ನೆಲವನ್ನು ಬ್ರಷ್ಷಿನಿಂದ ಉಜ್ಜಿದಳು, ಆಮೇಲೆ ಮೆಟ್ಟಿಲು, ಆಮೇಲೆ ಸಮಿತಿ ಬಳಸಬಹುದಾದ ಕಕ್ಕಸು, ಆಮೇಲೆ ಸಮಿತಿ ಬಳಸಲಾರದ ಆದರೆ ಇಣುಕಬಹುದಾದ ಕಕ್ಕಸು. ಹೊಸ ಸಿಸ್ಟರಿನ ಅಕ್ಷರ ಮುದ್ದಾಗಿದೆ ಎಂದು ಅವಳನ್ನು ಮೂಲೆಯಲ್ಲಿ ಕೂರಿಸಿ ಬಣ್ಣದ ಪೆನ್ನುಗಳಿಂದ ಒಂದು ಚಾರ್ಟು ಬರೆಸಿದರು. ಚಾರ್ಟಿನ ತಲೆಬರಹ, 'ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ನಾವು ನಿಮ್ಮನ್ನು ನೋಡುತ್ತೇವೆ.' ಅವಳು ಅಕ್ಷರಗಳ ಸುತ್ತ ಹಸಿರು ಬಳ್ಳಿ ಬರೆದಳು. ಬಳ್ಳಿಗೆ ಎಲೆ ಬರೆದಳು. ಅಷ್ಟು ಹೊತ್ತೂ ವಾರ್ಡಿನಲ್ಲಿ ಹನ್ನೆರಡನೇ ಮಂಚದ ಹತ್ತಿರ ಒಂದು ನೊಣವೂ ಬಂದು ನೋಡಲಿಲ್ಲ.

ಆಯಾ ವಾರ್ಡಿಗೆ ಮರಳಿದಾಗ ಸಂಜೆ ಐದು. ಟೇಲರಮ್ಮನ ಮಂಚ ಒದ್ದೆಯಾಗಿತ್ತು. ಬಲತೋಳು ಕಬ್ಬಿಣದ ಅಂಚಿಗೆ ಒತ್ತಿಕೊಂಡು ನೀಲಿಯಾಗಿತ್ತು. ಆಯಾ ಗಂಟು ಬಿಚ್ಚಿದಳು. ಎಡಗೈ ಎದೆಯ ಮೇಲೆ ಬಂತು. ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ, ಗಿಡದಲ್ಲಿ ಬಾಡಿದ ಎಲೆಯಂತೆ, ಜೋತುಬಿತ್ತು.

"ಎತ್ತು" ಎಂದಳು ಆಯಾ.

"ಎತ್ತುತಿದೀನಿ" ಎಂದಳು ಟೇಲರಮ್ಮ.

ಕೈ ಏಳಲಿಲ್ಲ. ಬೆರಳು ಬಿಡಿಸು ಎಂದರೆ ಬಿಡಿಸಲಿಲ್ಲ. ಟೇಲರಮ್ಮ ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು, ಬಿಟ್ಟಳು. ಬಿದ್ದಿತು. ಮತ್ತೆ ಎತ್ತಿದಳು, ಮತ್ತೆ ಬಿದ್ದಿತು. ಅಳಲಿಲ್ಲ. "ಕತ್ತರಿ ಹಿಡಿಯೋ ಕೈ ಇದು" ಎಂದಳು. ಆಯಾಗೆ ಹೇಳಿದಳೋ ಕೈಗೆ ಹೇಳಿದಳೋ ಗೊತ್ತಾಗಲಿಲ್ಲ. ಆಯಾ ಒದ್ದೆ ಹಾಸಿಗೆ ಬದಲಿಸಿದಳು, ಮೈ ಒರೆಸಿದಳು.

ಮರುದಿನ, ಬುಧವಾರ, ಮಧ್ಯಾಹ್ನದ ಹೊತ್ತಿಗೆ ಕಾಗದಗಳು ತಯಾರಾದವು. ಬದುಕಿನಲ್ಲಿ ಯಾವುದು ಕೆಟ್ಟರೂ ಆ ಆಸ್ಪತ್ರೆಯಲ್ಲಿ ಕಾಗದ ಕೆಡುತ್ತಿರಲಿಲ್ಲ. ಒಂದು ಕಾಗದ ಸುರಕ್ಷತೆಯ ತಪಾಸಣಾ ಪಟ್ಟಿ. ಹತ್ತರಿಂದ ಐದರವರೆಗೆ, ಹದಿನೈದು ನಿಮಿಷಕ್ಕೊಂದರಂತೆ, ಇಪ್ಪತ್ತೆಂಟು ಗೆರೆ. ಇಪ್ಪತ್ತೆಂಟಕ್ಕೂ ಒಂದೇ ಹಸಿರು ಪೆನ್ನಿನಿಂದ ಟಿಕ್ಕು. ಹೊಸ ಸಿಸ್ಟರಿನ ಕೈಯಲ್ಲಿ ಒಂದೇ ಉಸಿರಿಗೆ ಹಾಕಿಸಿದ್ದು. ಇನ್ನೊಂದು ಕಾಗದ ಅಪಘಾತದ ವರದಿ. 'ಕ್ಲೈಂಟ್ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಬಲಗೈಗೆ ಪೆಟ್ಟಾಗಿದೆ.' ಕೆಳಗೆ ಸಾಕ್ಷಿಯ ಸಹಿಗೆ ಜಾಗ.

"ಹಾಕು" ಎಂದರು ದೊಡ್ಡ ಸಿಸ್ಟರ್.

ಆಯಾ ನಾಲ್ಕನೇ ಇಯತ್ತೆ ಓದಿದ್ದಳು. ಬೆರಳಿಟ್ಟು ನಿಧಾನವಾಗಿ ಓದಿದಳು. "ಬಾತ್‌ರೂಮ್ ಒರೆಸೋಳು ನಾನೇ ಅಲ್ವಾ ಸಿಸ್ಟರ್? ನೆಲ ಒದ್ದೆ ಇತ್ತು ಅಂತಾಗುತ್ತೆ."

"ಸಣ್ಣದೊಂದು ಮೆಮೊ ಕೊಡ್ತಾರೆ. ತಲೆ ಹೋಗಲ್ಲ. ಕಟ್ಟಿದ್ದು ಯಾರು ಅಂತ ಬರೆಯೋಕೆ ಹೋದ್ರೆ ಅಲ್ಲೂ ನಿನ್ನ ಹೆಸರೇ ಬರೋದು. ನಿಂಗೆ ಒಳ್ಳೇದನ್ನೇ ಮಾಡ್ತಿದೀನಿ ನಾನು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅದೂ ಎಮ್ಮೆಯೇ ಕಬ್ಬಿಣ ಕಾಯಿಸಿ ಕೊಡಬೇಕು. ಆಯಾ ಪೆನ್ನು ಹಿಡಿಯಲಿಲ್ಲ, ಬೇಡ ಎಂದೂ ಹೇಳಲಿಲ್ಲ. "ಕೈಯೆಲ್ಲ ಫಿನಾಯಿಲು, ನಾಳೆ ಹಾಕ್ತೀನಿ" ಎಂದು ಜಾರಿಕೊಂಡಳು.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೊಸ ಸಿಸ್ಟರ್ ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

"ಅದು ಮೂಳೆ ಅಲ್ಲ, ನರ. ದೊಡ್ಡ ಆಸ್ಪತ್ರೆಗೆ ಬೇಗ ಕಳಿಸಿದ್ರೆ ಕೈ ಉಳಿಯಬಹುದು. ಬಿದ್ದಿದ್ದು ಅಂತ ಬರೆದು ಕಳಿಸಿದ್ರೆ ಅವರು ಮೂಳೆ ಫೋಟೋ ತೆಗೀತಾರೆ, ಮುರಿದಿಲ್ಲ ಅಂತ ವಾಪಸ್ ಕಳಿಸ್ತಾರೆ. ಎಷ್ಟು ಹೊತ್ತು ಒತ್ತಿತ್ತು ಅಂತ ಅವರಿಗೆ ಗೊತ್ತಾಗಬೇಕು."

"ನೀವೇ ಬರೆದು ಕಳಿಸಿ ಸಿಸ್ಟರ್."

"ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ."

"ನಂದು ಹದಿನಾರು ವರ್ಷ ಆದ್ರೂ ಆಗಿಲ್ಲ" ಎಂದಳು ಆಯಾ, ಮತ್ತೆ ಹಾಸಿಗೆಯ ಬಟ್ಟೆ ಕುಕ್ಕಿದಳು. ಸಿಸ್ಟರ್ ಅಲ್ಲಿಂದ ಹೋದಳು.

ಸಂಜೆ ಮನೆಯಲ್ಲಿ ಅತ್ತೆಗೆ ಊಟ ತಿನ್ನಿಸಲು ಕೂತಳು. ಅತ್ತೆಗೆ ಕೈ ನಡುಕ. ಗಂಡ ಹೋದ ಮೇಲೆ ಆ ಮನೆಯಲ್ಲಿ ಇದ್ದವರು ಇಬ್ಬರೇ. ಅತ್ತೆಯ ಕಾಲು ನಿಂತಿತ್ತು, ನಾಲಿಗೆ ನಿಂತಿರಲಿಲ್ಲ. ಆಯಾ ಒಂದೊಂದೇ ತುತ್ತು ಕೊಡುತ್ತ ನಡೆದುದನ್ನೆಲ್ಲ ಹೇಳಿದಳು. ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದಳು.

"ಕಟ್ಟಿದ್ದು ಯಾರು?" ಎಂದರು ಅತ್ತೆ.

"ದೊಡ್ಡ ಸಿಸ್ಟರ್ ಹೇಳಿದ್ರು."

"ಹೇಳಿದ್ದು ಯಾರು ಅಂತ ಕೇಳಲಿಲ್ಲ."

ಆಯಾ ಇನ್ನೊಂದು ತುತ್ತು ಕಲಸಿ ಎತ್ತಿದಳು.

"ಈ ಕೈಲೇನಾ?"

ತುತ್ತು ಹಿಡಿದ ಕೈ ಅರ್ಧದಲ್ಲೇ ನಿಂತಿತು. ಅತ್ತೆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಇವತ್ತು ನಾನೇ ತಿಂತೀನಿ ಬಿಡು." ನಡುಗುವ ಕೈಯಿಂದ ತಿಂದರು. ಅರ್ಧ ಬಾಯಿಗೆ ಹೋಯಿತು, ಅರ್ಧ ಮಡಿಲಿಗೆ ಬಿತ್ತು. ಒರೆಸಲು ಹೋದರೆ ಮೊಣಕೈಯಿಂದ ತಳ್ಳಿದರು. ಹದಿನಾರು ವರ್ಷದಲ್ಲಿ ಆಯಾಳನ್ನು ಬೈದವರು ಬಹಳ, ಉಗಿದವರೂ ಇದ್ದರು. ಅವತ್ತಿನಷ್ಟು ಅವಮಾನ ಅವಳಿಗೆ ಯಾವತ್ತೂ ಆಗಿರಲಿಲ್ಲ.

ಗುರುವಾರ ಬೆಳಗ್ಗೆ ವಾರ್ಡು ಮದುವೆ ಮನೆಯ ಹಾಗಿತ್ತು. ಹೊಸ ಹಾಸಿಗೆ ಬಟ್ಟೆ, ಅಂಗಡಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಆಫೀಸಿನಿಂದ ಕಡ ತಂದ ಹೂಕುಂಡ. ಗೋಡೆಯ ಮೇಲೆ ಹಸಿರು ಬಳ್ಳಿಯ ಚಾರ್ಟು. ಟೇಲರಮ್ಮನಿಗೆ ಕುತ್ತಿಗೆವರೆಗೆ ಹೊದಿಕೆ ಹೊದಿಸಿ, ಜ್ವರ ಎಂದು ಹೇಳತಕ್ಕದ್ದು ಎಂದು ತೀರ್ಮಾನವಾಗಿತ್ತು. ಸಮಿತಿಯವರು ಮಾತಾಡಿಸಲೇಬೇಕೆಂದರೆ ತೋರಿಸಲಿಕ್ಕೆ ಹೂಂ ಅಜ್ಜಿಯನ್ನು ಸಿದ್ಧ ಮಾಡಿದ್ದರು. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದ ಮುದುಕಿ. ಏನು ಕೇಳಿದರೂ ಹೂಂ ಎನ್ನುವಳು. ಊಟ ಆಯ್ತಾ, ಹೂಂ. ಆಗಿಲ್ವಾ, ಹೂಂ. ಅಂಥ ಕ್ಲೈಂಟು ಆಸ್ಪತ್ರೆಗೊಂದು ಆಸ್ತಿ.

ಸಮಿತಿ ಅಂದರೆ ಮೂವರು. ಮುಖ್ಯಸ್ಥೆ ಕನ್ನಡಕದ ಮೇಡಂ, ಕೈಯಲ್ಲಿ ಫಾರ್ಮು. ಅವರ ಪಕ್ಕ ಆಸ್ಪತ್ರೆಯ ಸಾಹೇಬರು. ಸಾಹೇಬರೂ ಡಾಕ್ಟರೇ. ಆದರೆ ಮೀಟಿಂಗುಗಳ ಕಾಟದಿಂದ ರೋಗಿಗಳ ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ಆಯಾ ಬಕೆಟ್ಟಿನ ಜೊತೆ ಗೋಡೆಗೆ ಒರಗಿ ನಿಂತಿದ್ದಳು. ಕಾಣಿಸದ ಹಾಗೆ ನಿಲ್ಲು ಎಂದಿದ್ದರು. ಅದಕ್ಕೆ ತಾಲೀಮು ಬೇಕಿರಲಿಲ್ಲ.

ಮೇಡಂ ಹೂಂ ಅಜ್ಜಿಯ ಮಂಚದ ಮೇಲೆ ಕೂತರು. ನಯವಾಗಿ ಕೇಳಿದರು. "ಅಜ್ಜಿ, ಇಲ್ಲಿ ನಿಮಗೆ ಸುರಕ್ಷತೆ ಇದೆಯಾ?"

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅಜ್ಜಿ ಹೂಂ ಎನ್ನಲಿಲ್ಲ.

"ಬೇಡಮ್ಮ" ಎಂದಳು.

"ಬೇಡ್ವಾ? ಸುರಕ್ಷತೆ ಎಲ್ಲರಿಗೂ ಬೇಕಲ್ವಾ ಅಜ್ಜಿ?"

ಅಜ್ಜಿಯ ಮುಖ ಸಣ್ಣದಾಯಿತು. ದೊಡ್ಡ ಮನುಷ್ಯರು ಹೇಳುವಾಗ ಹಟ ಮಾಡಬಾರದು ಎಂಬುದು ಅವಳಿಗೆ ಗೊತ್ತಿತ್ತು. ಎರಡೂ ಮಣಿಕಟ್ಟು ಜೋಡಿಸಿ ಮೇಡಂ ಮುಂದೆ ಚಾಚಿದಳು.

"ಮಾಡೋದಾದ್ರೆ ಮೆತ್ತಗೆ ಮಾಡಿಸಮ್ಮ. ಮೊನ್ನೆ ಟೇಲರಮ್ಮಂಗೆ ಮಾಡಿದ ಹಾಗೆ ಬೇಡ. ಬೆಳಗ್ಗೆ ಮಾಡಿದ್ದು, ಸಾಯಂಕಾಲ ಟೀ ಆದ್ರೂ ಬಿಚ್ಚಲಿಲ್ಲ. ನಾನು ಏನೂ ತಪ್ಪು ಮಾಡಿಲ್ಲ."

ಮೇಡಂಗೆ ತಲೆಬುಡ ತಿಳಿಯಲಿಲ್ಲ. ಸಾಹೇಬರು ನಕ್ಕರು. "ಭ್ರಮೆ ಮೇಡಂ. ಹಳೇ ಕ್ಲೈಂಟು." ಮೇಡಂ ತಲೆಯಾಡಿಸಿ ಫಾರ್ಮಿನಲ್ಲಿ ಭ್ರಮೆ ಎಂದು ಬರೆಯತೊಡಗಿದರು. ಸುಳ್ಳಿಗೆಲ್ಲ ಹೂಂ ಎಂದಷ್ಟು ದಿನ ಅಜ್ಜಿಯ ತಲೆ ನೆಟ್ಟಗಿತ್ತು. ಒಂದು ನಿಜ ಹೇಳಿದಳು, ಹುಚ್ಚಿಯಾದಳು. ಅವಳ ಕೈಗಳು ಇನ್ನೂ ಚಾಚಿದಂತೆಯೇ ಇದ್ದವು. ಆಯಾ ಬಕೆಟ್ಟು ಕೆಳಗಿಟ್ಟಳು.

"ಭ್ರಮೆ ಅಲ್ಲ ಮೇಡಂ. ಇಲ್ಲಿ ಕಟ್ಟಿಹಾಕೋದಕ್ಕೆ ಸುರಕ್ಷತೆ ಅಂತೀವಿ. ಟೇಲರಮ್ಮನ್ನ ಕಟ್ಟಿದವಳು ನಾನು."

ಹೇಳಿ, ಹನ್ನೆರಡನೇ ಮಂಚದ ಹೊದಿಕೆ ಎಳೆದಳು. ಟೇಲರಮ್ಮ ಎದ್ದು ಕೂತಳು. ಯಾರೂ ಕೇಳುವ ಮೊದಲೇ ಎಡಗೈಯಿಂದ ಬಲಗೈ ಎತ್ತಿ, ಬಿಟ್ಟು ತೋರಿಸಿದಳು.

"ಕಟ್ಟೇ ಇಲ್ಲ" ಎಂದರು ಸಾಹೇಬರು. "ಬಾತ್‌ರೂಮಲ್ಲಿ ಬಿದ್ದಿದ್ದು."

ಅದೇ ಹೊತ್ತಿಗೆ ದೊಡ್ಡ ಸಿಸ್ಟರ್, ಆಸ್ಪತ್ರೆಯ ಮಾನ ಉಳಿಸಲು, ತಪಾಸಣಾ ಪಟ್ಟಿ ತಂದು ಮೇಡಂ ಕೈಗಿಟ್ಟಿದ್ದರು. "ಹದಿನೈದು ನಿಮಿಷಕ್ಕೊಮ್ಮೆ ನೋಡಿದೀವಿ ಮೇಡಂ. ಇಪ್ಪತ್ತೆಂಟು ಸಲ. ಒಂದೂ ತಪ್ಪಿಲ್ಲ."

ಮೇಡಂ ಪಟ್ಟಿ ನೋಡಿದರು, ಸಾಹೇಬರನ್ನು ನೋಡಿದರು. "ಕಟ್ಟೇ ಇಲ್ಲದವರನ್ನ ಇಪ್ಪತ್ತೆಂಟು ಸಲ ಏನು ನೋಡಿದ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನೊಬ್ಬ ಇರುತ್ತಾನಂತೆ. ಇಲ್ಲಿ ಕುಂಬಳಕಾಯಿಯನ್ನೇ ಹೊತ್ತು ತಂದು ತೋರಿಸಿದ್ದರು. ಸಾಹೇಬರು ಬಣ್ಣಗೆಟ್ಟರೂ ಮಾತುಗೆಡಲಿಲ್ಲ. ಸ್ವಲ್ಪ ಹೊತ್ತು ಕಟ್ಟಿರಬಹುದು ಎಂದರು. ಬಹಳ ಮೆತ್ತನೆಯ ಬಟ್ಟೆ, ಮಗುವಿಗೆ ಕಟ್ಟಿದರೂ ನೋಯುವುದಿಲ್ಲ, ಅದರಿಂದ ಕೈಗೆ ಏನೂ ಆಗುವ ಪ್ರಶ್ನೆಯೇ ಇಲ್ಲ ಎಂದರು. ಎಂದವರು ಅಲ್ಲಿಗೆ ನಿಲ್ಲಿಸಬೇಕಿತ್ತು. ಮೇಡಂ ಎದುರು ದೊಡ್ಡಸ್ತಿಕೆ ತೋರಿಸುವ ಹುರುಪಿನಲ್ಲಿ ಅಂಗಿಯ ತೋಳು ಮಡಚಿ ಬಲಗೈ ಮುಂದೆ ಮಾಡಿದರು.

"ಎಲ್ಲಿ, ನನಗೇ ಕಟ್ಟು. ಮೇಡಂ ನೋಡಲಿ."

ಆಯಾ ಏಪ್ರನ್ನಿನ ಜೇಬಿನಿಂದ ಬಟ್ಟೆಯ ಪಟ್ಟಿ ತೆಗೆದಳು. ಸಾಹೇಬರ ಬಲಗೈಯನ್ನು ಹನ್ನೆರಡನೇ ಮಂಚದ ಕಬ್ಬಿಣಕ್ಕೆ ಸೇರಿಸಿ, ಮಂಗಳವಾರ ಹೇಗೆ ಬಿಗಿದಿದ್ದಳೋ ಹಾಗೆಯೇ ಬಿಗಿದಳು. ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಸಾಹೇಬರು ನಗುತ್ತಿದ್ದರು. ಅರ್ಧ ನಿಮಿಷಕ್ಕೆ ನಗು ಸಣ್ಣಗಾಯಿತು.

"ಸರಿ, ಬಿಚ್ಚು."

"ಸಿಸ್ಟರ್ ಬಿಚ್ಚಲಿ ಸಾರ್" ಎಂದಳು ಆಯಾ.

ದೊಡ್ಡ ಸಿಸ್ಟರ್ ಓಡಿ ಬಂದು ಗಂಟಿಗೆ ಕೈ ಹಾಕಿದರು. ಇಪ್ಪತ್ತು ವರ್ಷ ಕಟ್ಟು ಎಂದು ಹೇಳಿದವರಿಗೆ ಗಂಟು ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಿರಲಿಲ್ಲ. ಎಳೆದ ಹಾಗೆಲ್ಲ ಬಿಗಿಯಾಯಿತು. ಕತ್ತರಿ ಎಂದು ಕೂಗಿದರು. ಚೂಪಾದ ವಸ್ತುಗಳನ್ನೆಲ್ಲ ಸ್ಟೋರಿಗೆ ಹಾಕಿ ಬೀಗ ಜಡಿದಿದ್ದರು, ಅದೂ ನಿಯಮವೇ. ಸ್ಟೋರಿನವನು ಕೀಲಿಯ ಸಮೇತ ಸಮಿತಿಯ ಟೀ ತರಲು ಹೋಗಿದ್ದ. ಮಂಚಗಳ ಮೇಲೆ ಒಬ್ಬೊಬ್ಬರೇ ಎದ್ದು ಕೂತರು.

"ಏಯ್, ಬಿಚ್ಚು ಅಂದ್ನಲ್ಲ" ಎಂದರು ಸಾಹೇಬರು. ಅದು ಕ್ಲೈಂಟಿನ ದನಿಯಾಗಿತ್ತು.

ಆಯಾಗೆ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. "ದೊಡ್ಡ ಆಸ್ಪತ್ರೆಗೆ ಚೀಟಿ ಬರೀರಿ ಸಾರ್. ಟೇಲರಮ್ಮನ ಕೈಗೆ. ಬರೆದ ತಕ್ಷಣ ಬಿಚ್ತೀನಿ."

"ಮೇಡಂ, ನೋಡಿ ಇದು..."

ಮೇಡಂ ಫಾರ್ಮು ತಿರುವಿ ಹಾಕುತ್ತಿದ್ದರು. ಆಯಾ ಹೇಳಿದ್ದನ್ನು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ. ಸಾಹೇಬರನ್ನು ಕಟ್ಟಿದ್ದನ್ನು ಬರೆಯಲೂ ಇರಲಿಲ್ಲ. ಕೊನೆಗೆ ಕೈಗಡಿಯಾರ ನೋಡಿ, "ಚೀಟಿ ಬರೆಯೋಕೆ ಎಷ್ಟು ಹೊತ್ತು ಬೇಕು? ಬರೆದುಬಿಡಿ" ಎಂದರು. ಆ ಹೆಂಗಸು ಅವತ್ತು ಮಾಡಿದ ಒಳ್ಳೆಯ ಕೆಲಸ ಇದೊಂದೇ. ಇದ್ದದ್ದನ್ನು ಇದೆ ಎಂದು ಹೇಳಬೇಕು.

ಹೊಸ ಸಿಸ್ಟರ್ ಚೀಟಿಯ ಪುಸ್ತಕ ಹಿಡಿದು ಮುಂದೆ ಬಂದಳು. ಯಾರೂ ಕರೆದಿರಲಿಲ್ಲ. ನಿಂತಲ್ಲೇ ಬರೆದಳು, ಬರೆಯುತ್ತ ಗಟ್ಟಿಯಾಗಿ ಓದಿದಳು. "ಮಂಗಳವಾರ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಂಚಕ್ಕೆ ಕಟ್ಟಿಹಾಕಿದ್ದರಿಂದ ಬಲಗೈ ಎತ್ತಲಾಗುತ್ತಿಲ್ಲ. ನಡುವೆ ಯಾರೂ ನೋಡಿರುವುದಿಲ್ಲ. ಟಿಕ್ಕುಗಳನ್ನು ಆಮೇಲೆ ಹಾಕಿದವಳು ನಾನು."

"ಕಟ್ಟಿಹಾಕಿದ್ದು ಅಂತ ಬೇಡ" ಎಂದರು ಸಾಹೇಬರು. "ಸುರಕ್ಷತೆ ಅಂತ ಬರಿ."

"ದೊಡ್ಡ ಆಸ್ಪತ್ರೇಲಿ ಅವರಿಗೆ ನಮ್ಮ ಭಾಷೆ ಅರ್ಥ ಆಗಲ್ಲ ಸಾರ್" ಎಂದಳು ಆಯಾ.

ಎಲ್ಲಿಂದಲೋ ಒಂದು ನಗು ಹೊರಟು ಮಂಚದಿಂದ ಮಂಚಕ್ಕೆ ಹೋಯಿತು. ಸಾಹೇಬರ ಬೆರಳ ತುದಿ ಬಿಳಿಚಿಕೊಂಡಿತ್ತು. ಹೊಸ ಸಿಸ್ಟರ್ ಚೀಟಿಯನ್ನೂ ಪೆನ್ನನ್ನೂ ಅವರ ಮುಂದೆ ಹಿಡಿದಳು. ಸಾಹೇಬರು ಬಲಗೈ ಎಳೆದರು. ಮಂಚ ಅಲುಗಿತು, ಕೈ ಬರಲಿಲ್ಲ.

"ಸಹಿ ಹೇಗೆ ಹಾಕ್ಲಿ? ಮೊದಲು ಕೈ ಬಿಚ್ಚು."

ಅದೇ ಮಂಚದ ಮೇಲೆ ಕೂತಿದ್ದ ಟೇಲರಮ್ಮ ಆಗ ಬಾಯಿಬಿಟ್ಟಳು.

"ಎಡಗೈಲಿ ಹಾಕಿ ಸಾರ್. ನಾನು ಎರಡು ದಿನದಿಂದ ಎಡಗೈಲೇ ಉಣ್ತಿದೀನಿ."

ಸಾಹೇಬರು ಎಡಗೈಯಲ್ಲಿ ಸಹಿ ಹಾಕಿದರು. ಒಂದನೇ ಕ್ಲಾಸಿನ ಮಗು ಬರೆದ ಹಾಗಿತ್ತು. ಆಯಾ ಚೀಟಿಯನ್ನು 'ಕಟ್ಟಿಹಾಕಿದ್ದರಿಂದ' ಎಂಬಲ್ಲಿಗೆ ಬರುವವರೆಗೆ ಬೆರಳಿಟ್ಟು ಓದಿದಳು. ಆಮೇಲೆ ಪಟ್ಟಿಯ ಒಂದು ತುದಿ ಹಿಡಿದು ಜಗ್ಗಿದಳು. ಗಂಟು ಬಿಚ್ಚಿಕೊಂಡಿತು.

ಟೇಲರಮ್ಮನನ್ನು ಕರೆದುಕೊಂಡು ಹೊರಟ ಆಯಾಗೆ ಬಾಗಿಲಲ್ಲಿ ದೊಡ್ಡ ಸಿಸ್ಟರ್ ಅಡ್ಡ ನಿಂತು, ಹಲ್ಲು ಕಚ್ಚಿಕೊಂಡು, ಮೇಡಂಗೆ ಕೇಳಿಸದ ಹಾಗೆ ಹೇಳಿದರು. "ನಾಳೆಯಿಂದ ಈ ಕಡೆ ತಲೆ ಹಾಕಬೇಡ."

"ಇವತ್ತಿನ ಡ್ಯೂಟಿ ಇನ್ನೂ ಇದೆ ಸಿಸ್ಟರ್. ಮುಗಿಸ್ತೀನಿ" ಎಂದಳು ಆಯಾ.

ದೊಡ್ಡ ಆಸ್ಪತ್ರೆಗೆ ಹೋಗುವ ಗಾಡಿ ಮೆಟ್ಟಿಲ ಕೆಳಗೆ ನಿಂತಿತ್ತು. ಟೇಲರಮ್ಮ ಎರಡು ದಿನ ಹಾಸಿಗೆಯಲ್ಲೇ ಇದ್ದವಳು, ಮೊದಲ ಮೆಟ್ಟಿಲಲ್ಲೇ ವಾಲಿದಳು. ಆಯಾ ಅಭ್ಯಾಸಬಲದಿಂದ ಹತ್ತಿರ ಸಿಕ್ಕ ಕೈ ಹಿಡಿಯಲು ಹೋದಳು. ಅದು ಬಲಗೈ. ಟೇಲರಮ್ಮ ಭುಜ ಹಿಂದಕ್ಕೆ ಎಳೆದುಕೊಂಡಳು.

"ಆ ಕೈ ಮುಟ್ಟಬೇಡ."

ಆಯಾ ನಿಂತುಬಿಟ್ಟಳು. ಟೇಲರಮ್ಮ ಅವಳ ಮುಖವನ್ನು ನೋಡಿದಳು. ಆಮೇಲೆ ಎಡಗೈ ಚಾಚಿದಳು.

"ಇದನ್ನ ಹಿಡ್ಕೋ. ಮೆತ್ತಗೆ."